ರಸ್ತೆ ಬದಿಯ ಸಾಲು

‘ಇದು ಆಗೂ ಮಾತಲ್ಲ’ ಎಂದವನು ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ತನ್ನೂರು ಘೋಣಸಗಿಗೆ ಕರೆತಂದು ಸಾಕಿದವನೂ ಅವನೇ. ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಕೆಲಸಕ್ಕೆ ನಮ್ಮಲ್ಲಿ ಚಾಟ್ನಿ ಎನ್ನುತ್ತಾರೆ. ಮಾವನದು ಚಾಟ್ನಿಯ ಗ್ಯಾಂಗು. ರಜೆ ಬಂದರೆ ನಾನೂ ಅದರಲ್ಲಿ ಕತ್ರಿ ಹಿಡಿದವಳೇ.

ಡಿಗ್ರಿ ಮುಗಿಯಿತು. ನಮ್ಮ ಮನೆತನದಲ್ಲಿ ಅದೇ ಮೊದಲು. ಬಿ.ಎಡ್. ಮಾಡುತ್ತೇನೆ ಎಂದೆ.

“ಸಾಲಿ ಕಲಿಸಿ ಏನ್ ಗಳಸ್ತಿ ಯವ್ವಾ? ನೌಕರಿ ಪರ್ಮನೆಂಟ್ ಆಗೂದು ಯಾವಾಗೋ. ಅಲ್ಲೀತನಕ ಗೆಸ್ಟ್ ಟೀಚರ್. ಅವರಿಗಿಂತ ನಮ್ಮ ಗ್ಯಾಂಗಿನಾಕಿ ಹೆಚ್ಚಿಗಿ ಗಳಸ್ತಾಳ. ಮ್ಯಾಲ ಚಾಟ್ನೀನೂ ಮಾಡ್ತೇನಿ, ಕಾಲೇಜಿಗೂ ಹೋಗ್ತೇನಿ ಅಂದ್ರ ಎರಡೂ ಅರ್ಧ ಅಕ್ಕಾವ. ಇದು ಆಗೂ ಮಾತಲ್ಲ.”

ಅವನ ಮಾತು ಸುಳ್ಳಾಗಿರಲಿಲ್ಲ. ನನಗೆ ಕಲಿಸಬೇಕು ಅನ್ನಿಸಿತ್ತು, ಅಷ್ಟೇ. ಫೀ ಕಟ್ಟಲು ಚಾಟ್ನಿಯ ಕೂಲಿ ಬೇಕೇ ಬೇಕಿತ್ತು.

ವಿಜಯಪುರದ ಬಿ.ಎಡ್. ಕಾಲೇಜಿಗೆ ಸೇರಿಕೊಂಡೆ. ದಸರೆಯ ನಂತರ ಚಾಟ್ನಿ ಶುರುವಾಯಿತು. ಬೆಳಕು ಹರಿಯುವಾಗ ತೋಟಕ್ಕಿಳಿಯುವುದು, ವಿಜಯಪುರದ ಬಸ್ಸು ಬಂದರೆ ಕತ್ರಿ ಇಟ್ಟು ಓಡುವುದು. ಮಾವ ನನಗೆ ದಿನವೂ ರಸ್ತೆ ಬದಿಯ ಸಾಲನ್ನೇ ಕೊಡುತ್ತಿದ್ದ. ಬಳ್ಳಿ ಮುಟ್ಟಿದರೆ ಧೂಳು ಮೂಗಿಗೇ ಬರುತ್ತಿತ್ತು. ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ.

ಹಿಡಿದ ಸಾಲು ಮುಗಿಸದವರಿಗೆ ಅದರ ಕೂಲಿ ಇಲ್ಲ ಎಂಬುದು ಗ್ಯಾಂಗಿನ ಪದ್ಧತಿ. ನನ್ನ ಸಾಲು ದಿನವೂ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ಕೂಲಿ ಹಂಚುವ ಸಂತೆಯ ದಿನ ನನ್ನ ಪಾಲು ಪೂರ್ತಿ ಬರುತ್ತಿತ್ತು. ಯಾಕೆಂದು ನಾನು ಕೇಳಲೂ ಇಲ್ಲ.

ಒಂದು ದಿನ ಬಸ್ಸು ತಪ್ಪಿತು. ತೋಟಕ್ಕೆ ಹಿಂತಿರುಗಿದರೆ ಎಲ್ಲರೂ ಬುತ್ತಿ ಬಿಚ್ಚಿಕೊಂಡು ಬೆಳಗಿನ ನ್ಯಾರಿಗೆ ಕೂತಿದ್ದರು. ಮಾವ ಒಬ್ಬನೇ ನನ್ನ ಸಾಲಿನಲ್ಲಿ ಬಳ್ಳಿ ಕತ್ತರಿಸುತ್ತಿದ್ದ.

“ಬರ್ರಿ ಅಕ್ಕಾರ! ನಿಮ್ಮ ಸಾಲ ಮುಗಿಸಾಕ ನಿಮ್ಮ ಮಾವ ದಿನಾ ನ್ಯಾರಿ ಬಿಡಾಕತ್ತಾನ ನೋಡ್ರಿ,” ಎಂದು ಗ್ಯಾಂಗಿನ ಹೆಂಗಸೊಬ್ಬಳು ನಕ್ಕಳು.

“ದಿನಾನೂ?” ಎಂದೆ.

ಮಾವ ತಿರುಗಿ ನೋಡಲಿಲ್ಲ. “ಬಸ್ಸು ಎದರಿಗೇ ನಿಂದರ್ತೈತಿ ಅಂತ ಈ ಸಾಲ ಕೊಟ್ರ, ಅದನ್ನೂ ತಪ್ಪಿಸ್ಕೊಂಡ ಬಂದಿ? ಟಂಟಂ ಹಿಡಿ, ನಡಿ!”

ಆ ದಿನ ಟಂಟಂ ಆಟೋದಲ್ಲಿ ಟಿಕೋಟಾ ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಈಗ ಬಬಲೇಶ್ವರದ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಗೌರವಧನ ತಡವಾಗಿ ಬರುತ್ತದೆ. ಚಾಟ್ನಿಯ ದಿನಗಳಲ್ಲಿ ಗ್ಯಾಂಗಿನವರು ಇಂದಿಗೂ ನನಗಿಂತ ಹೆಚ್ಚು ಗಳಿಸುತ್ತಾರೆ. ಅವರಿಗೆ ಸಿಗುವುದು ಹೆಚ್ಚಲ್ಲ, ನಮಗೆ ಕೊಡುವುದು ಕಡಿಮೆ. ಅದು ಸರಿಯೆಂದು ನಾನು ಎಲ್ಲೂ ಹೇಳುವುದಿಲ್ಲ. ಕೆಲಸ ಬಿಟ್ಟುಬಿಡು ಎಂದವರಿಗೆ ಹೂಂ ಎನ್ನುವುದೂ ಇಲ್ಲ.

ಈ ಕೆಲಸಕ್ಕೆ ಸೇರುವ ಮೊದಲು, ಬಿ.ಎಡ್. ಪ್ರಮಾಣಪತ್ರ ಕೈಗೆ ಬಂದ ದಿನ ಸಿದ್ಧೇಶ್ವರ ಗುಡಿಯಲ್ಲಿ ಕಾಯಿ ಒಡೆಸಿ, ನೇರ ತೋಟಕ್ಕೆ ಹೋದೆ. ಮಾವನ ಮುಂದೆ ಹಿಡಿದೆ. ಅವನು ಕತ್ರಿಯನ್ನು ತಂತಿಗೆ ಸಿಕ್ಕಿಸಿ, ಎರಡು ಸಲ ಧೋತರಕ್ಕೆ ಕೈ ಒರೆಸಿಕೊಂಡು ಈಸಿಕೊಂಡ.

“ಪಗಾರ ಕಡಿಮೀನ ಐತಿ. ಆ ಮಾತಿಗೆ ನಾ ಇವತ್ತೂ ಗಟ್ಟಿ,” ಎಂದ. “ಆದ್ರ ಯವ್ವಾ, ಇದನ್ನ ನೀ ಅರ್ಧಕ್ಕ ಬಿಡಲಿಲ್ಲ. ಇದನ್ನ ಮುಗಿಸಾಕ ನನ್ನ ಕತ್ರಿ ಬೇಕಾಗಲಿಲ್ಲ ನೋಡು.”