ಪೂರ್ತಿ ಓದಿದ ಮೇಷ್ಟ್ರು

ನಮ್ಮೂರಿನಲ್ಲಿ ಒಂದೊಂದು ಅಕ್ಷರ ಕಲಿತಾಗಲೂ ಒಂದೊಂದು ನೆನಪು ಅಳಿದುಹೋಗುತ್ತದೆ. ಅದಕ್ಕೇ ಜನ ಅಂಗಡಿಯ ಫಲಕ ಓದುವಷ್ಟು ಕಲಿತು ಅಲ್ಲಿಗೇ ಕೈಮುಗಿಯುತ್ತಾರೆ. ಮೇಷ್ಟ್ರು ಮಾತ್ರ ಅಷ್ಟೂ ಅಕ್ಷರ ಅರೆದು ಕುಡಿದವರು. ಊರೆಲ್ಲ ಅವರನ್ನು ಹೊಗಳುತ್ತದೆ. ಹೊಗಳುವವರ ಗಂಟೇನು ಹೋಗುತ್ತದೆ? ಮೇಷ್ಟ್ರು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ, ಗೋಡೆಬರಹದ ತಪ್ಪು ತಿದ್ದುತ್ತಾರೆ, “ಕತ್ತೆಗೂ ನಿಮಗೂ ಬಾಲ ಒಂದೇ ಕಣ್ರೋ ವ್ಯತ್ಯಾಸ!” ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಾರೆ. ಸಂಜೆ ಬಾಗಿಲುಬಾಗಿಲಿನ ಹೆಸರು ಓದುತ್ತಾ ಹೋಗಿ ತಮ್ಮ ಮನೆ ಹುಡುಕಿಕೊಳ್ಳುತ್ತಾರೆ. ಮಧ್ಯಾಹ್ನ ಶಾಲೆಗೆ ಬುತ್ತಿ ತರುವ ಮುದುಕಿಗೆ ದಿನವೂ ಅದೇ ಮಾತು: “ಯಾರಮ್ಮ ನೀನು? ಅಲ್ಲಿಟ್ಟು ಹೋಗು. ಈ ವಯಸ್ಸಲ್ಲಾದ್ರೂ ನಾಲ್ಕಕ್ಷರ ಕಲೀಬಾರ್ದಾ?” ಬುತ್ತಿ ಬಿಚ್ಚಿ ಮುಂದಿಡುತ್ತಾ ಅವರ ತಾಯಿ ಹೇಳುತ್ತಾಳೆ: “ಬೇಡಪ್ಪಾ. ನಿನ್ನ ಗುರುತು ಹಿಡಿಯೋಕೆ ಮನೇಲಿ ಒಬ್ಬರಾದ್ರೂ ಇರಲಿ.”