ಬಚ್ಚಲೊಲೆಯ ಮೇಲಿನ ನಾಲ್ಕು ಟೈರು

ಸಿಂಚನಾ, ಸುಹಾಸಾ —

ನಿಮ್ಮ ಚಿಕ್ಕಜ್ಜನ ಕಾಲು ಮುರಿದದ್ದು ಅವರ ಅವಸರದಿಂದ ಅಲ್ಲ. ನನ್ನಿಂದ. ಈ ಮಾತನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಆಡಿಲ್ಲ. ನಿಮ್ಮ ಅಜ್ಜನ ಮುಂದೆಯೂ ಆಡಲಿಲ್ಲ — ಅವರು ತಿಳಿಯದೆಯೇ ಹೋದರು.

ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಈ ವಯಸ್ಸಿನಲ್ಲೂ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊನ್ನೆ ಭಾನುವಾರ ಸುಹಾಸ ಮಳೆ ಶುರುವಾಗುವ ಮುಂಚೆ ಹೊಸ ಟೈರು ಹಾಕಿಸಿಕೊಂಡು ಬರುತ್ತೇನೆಂದು ಸಾಗರಕ್ಕೆ ಹೊರಟಿದ್ದ. ಕಾರು ಅಂಗಳ ದಾಟುವಾಗ ಸಿಂಚನಾ ಬಾಗಿಲಲ್ಲಿ ನಿಂತು ಕೂಗಿದಳು: "ಏಯ್, ಚಿಕ್ಕಜ್ಜನ ಹಂಗೆ ಓಡಿಸ್ಬೇಡ ಮಾರಾಯ! ಮೇಳಿಗೆ ತಿರುವಲ್ಲಿ ಮರ ಕಾಯ್ತಾ ಕೂತಿದೆ!" ಎಲ್ಲರೂ ನಕ್ಕರು. ನಮ್ಮ ಮನೆಯಲ್ಲಿ ಅದು ಹಳೆಯ ತಮಾಷೆ. ನಾನೂ ನಕ್ಕೆ — ಪ್ರತಿ ಸಲ ನಗುತ್ತಿದ್ದಂತೆಯೇ. ಆದರೆ ಆವತ್ತು ಒಳಗೆ ಬಂದವಳು ಈ ಹಾಳೆಗಳನ್ನು ಹುಡುಕಿ ತೆಗೆದೆ. ಆ ಮಾತನ್ನು ನಿಮ್ಮ ಬಾಯಿಗೆ ಕೊಟ್ಟವಳು ನಾನೇ ಅಲ್ಲವೆ?

ಆಗ ನಾವು ಹೊಸನಗರದಲ್ಲಿದ್ದೆವು. ನಿಮ್ಮ ಅಜ್ಜನಿಗೂ ಅವರ ತಮ್ಮ ಕೃಷ್ಣಪ್ಪನಿಗೂ — ಅವರೇ ನಿಮ್ಮ ಚಿಕ್ಕಜ್ಜ — ಸೇರಿ ಒಂದು ಬಿಳಿ ಬಾಡಿಗೆ ಕಾರು. ಒಂದೇ ಮನೆ, ಒಂದೇ ಒಲೆ. ಕೃಷ್ಣಪ್ಪ ಬಾಡಿಗೆ ಮುಗಿಸಿ ಬರುವಾಗ ನಮ್ಮ ಮನೆಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹಾಕುತ್ತಿದ್ದರು. 'ಅತ್ತಿಗೆ, ಚಾ ಇಡಿ' ಎಂದು ಅರ್ಥ. ಎರಡನೆಯ ಹಾರ್ನ್ ನಿಲ್ಲುವುದರೊಳಗೆ ನಾನು ನೀರಿಟ್ಟಿರುತ್ತಿದ್ದೆ.

ಆ ಕಾರಿಗೆ ಎರಡು ಸೆಟ್ ಟೈರು. ಬೇಸಿಗೆಗೆ ಸಾದಾ ಟೈರು. ಮಳೆಗಾಲಕ್ಕೆ ದಪ್ಪ ಹಲ್ಲಿನವು, ಬಟನ್ ಟೈರು ಅಂತಿದ್ದರು. ಮೃಗಶಿರ ಮಳೆ ಹಿಡಿಯುವ ಮುಂಚೆ ಹಾಕುವುದು, ದೀಪಾವಳಿಯ ಗಾಡಿಪೂಜೆ ಆದ ಮೇಲೆ ಬಿಚ್ಚುವುದು. ತೀರ್ಥಹಳ್ಳಿಯ ಕಡೆ, ಮೇಳಿಗೆಯ ಕಡೆ ಮಳೆಯಲ್ಲಿ ಬಾಡಿಗೆ ಹೊಡೆಯುವವರಿಗೆ ಅದಿಲ್ಲದೆ ಆಗುತ್ತಿರಲಿಲ್ಲ. ಆ ನಾಲ್ಕು ಟೈರನ್ನು ಕೊಳ್ಳಲು ಸಾಗರಕ್ಕೆ ಹೋದ ದಿನ ಅಜ್ಜ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಂದೊಂದನ್ನೂ ಉರುಳಿಸಿ, ಹಲ್ಲಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತಿದ್ದರು. ಅಂಗಡಿಯವರು ನಕ್ಕರು: "ಎಂತ ಮಾರಾಯ್ರೇ, ಬದನೆಕಾಯಿ ಆರಿಸ್ದಂಗೆ ಆರಿಸ್ತೀರಲ್ಲ!"

ಅಜ್ಜ ನನ್ನ ಕೈ ಹಿಡಿದು ನನ್ನ ಉಗುರನ್ನೂ ಒತ್ತಿಸಿದರು. ಉಗುರು ಇಳಿಯಿತು, ಗುರುತು ಮೆಲ್ಲಗೆ ಮಾಯವಾಯಿತು. "ನೋಡು, ಇದು ಜೀವ ಇರೋ ರಬ್ಬರು. ಉಗುರು ಇಳೀದಿದ್ರೆ ಹಲ್ಲು ಎಷ್ಟಿದ್ರೂ ದಂಡ. ನೀರಿನ ಮೇಲೆ ಜಾರ್ತದೆ" ಅಂದರು. ಈ ಮಾತು ನೆನಪಿಟ್ಟುಕೊಳ್ಳಿ. ನನಗೆ ಗೊತ್ತಿರಲಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ.

ದೀಪಾವಳಿ ಕಳೆದ ಮೇಲೆ ಅವರೇ ಆ ಟೈರುಗಳನ್ನು ತೊಳೆದು, ಒರೆಸಿ, ಯಾವುದು ಮುಂದಿನದು ಯಾವುದು ಹಿಂದಿನದು ಎಂದು ಸೀಮೆಸುಣ್ಣದಲ್ಲಿ ಬರೆದು, ಗೋಣಿ ಸುತ್ತಿ, ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ತಂಪಿರಬೇಕು, ಬಿಸಿಲು ಬೆಂಕಿ ತಾಗಬಾರದು, ಎಣ್ಣೆ ಮುಟ್ಟಬಾರದು — ಇಷ್ಟು ನನಗೆ ಹೇಳಿದ್ದರು.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ನನ್ನ ಮಗಳು ಲಲಿತ ಹೆರಿಗೆಗೆ ಬಂದಳು. ಸಿಂಚನಾ, ನಿನ್ನ ಅಮ್ಮ. ಬಾಣಂತಿಗೆ ಗಾಳಿ ಬೆಳಕು ತಾಗದ ಕೋಣೆ ಬೇಕು. ನಮ್ಮಲ್ಲಿದ್ದದ್ದು ಅದೊಂದೇ ಕೋಣೆ. ಟೈರಿನ ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಅಜ್ಜನಿಗೆ ಹೇಳಿದೆ. "ಮೂಲೇಲಿ ಇರ್ಲಿ ಬಿಡೇ. ಕೂಸಿಗೆ ಎಂತ ಮಾಡ್ತಾವೆ ಅವು? ಅತ್ರೆ ಉರುಳಿಸಿ ಆಡ್ಸಿ" ಎಂದು ನಗಾಡಿ ಬಾಡಿಗೆಗೆ ಹೋದರು.

ಹೆರಿಗೆಯಾಯಿತು, ನೀನು ಹುಟ್ಟಿದೆ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಪದ್ಧತಿಯಿಲ್ಲ. ಒಂದು ಬೆಳಿಗ್ಗೆ ನಾನೊಬ್ಬಳೇ ಏಣಿ ಹತ್ತಿ ಆ ನಾಲ್ಕು ಟೈರನ್ನೂ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಸಾಗಿಸಿದೆ. ನನ್ನ ಬುದ್ಧಿಗೆ ಅದೇ ಒಳ್ಳೆಯ ಜಾಗ ಎನಿಸಿತು. ಹಲಸಿನ ಹಪ್ಪಳ, ಬಿತ್ತನೆಯ ಬೀಜ, ಸಾರಿಗೆ ಹಾಕುವ ವಾಟೆಹುಳಿ — ನಮ್ಮ ಕಡೆ ಕೆಡಬಾರದ್ದನ್ನೆಲ್ಲ ಹೊಗೆಯ ಮೇಲೇ ಇಡುವುದು. ನನ್ನ ಅತ್ತೆ ಹಾಗೆ ಇಟ್ಟರು, ನನ್ನ ಅಮ್ಮ ಹಾಗೆ ಇಟ್ಟಳು. ಹೊಗೆ ಹಿಡಿದದ್ದು ಕೆಡುವುದಿಲ್ಲ ಎಂದು ಕೈಗೇ ಗೊತ್ತಿತ್ತು. ಬೆಂಕಿ ತಾಗಬಾರದು ಎಂಬ ಅವರ ಮಾತಿಗೆ — ಬೆಂಕಿ ಕೆಳಗಿದೆ, ಟೈರು ಮೇಲಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬಾಣಂತನದ ಒಲೆ ಅಂದರೆ ಎಂಥದು ಎಂದು ನಿಮಗೆ ಗೊತ್ತಿಲ್ಲ. ತಾಯಿಗೆ ಎರಡು ಹೊತ್ತು ಹಂಡೆಗಟ್ಟಲೆ ಸುಡುನೀರು, ಕೂಸಿಗೆ ನೀರು, ಬಟ್ಟೆಗೆ ನೀರು. ಮೂರು ತಿಂಗಳು ಆ ಒಲೆ ಆರಲಿಲ್ಲ. ವರ್ಷದಲ್ಲೇ ದೊಡ್ಡ ಬೆಂಕಿಯ ಮೇಲೆ ನಾನು ಆ ಟೈರುಗಳನ್ನು ಇಟ್ಟಿದ್ದೆ.

ಮಗಳು ಗಂಡನ ಮನೆಗೆ ಹೋದ ಮೇಲೆ ಇಳಿಸಿದೆ. ಗೋಣಿ ಬಿಚ್ಚಿದರೆ ರಬ್ಬರಿನ ಮೇಲೆ ಹಿಮ್ಮಡಿ ಒಡೆದಂತೆ ಸಣ್ಣ ಸಣ್ಣ ಬಿರುಕು. ಉಗುರು ಒತ್ತಿದೆ. ಇಳಿಯಲಿಲ್ಲ. ಮತ್ತೊಂದಕ್ಕೆ ಒತ್ತಿದೆ. ಇಳಿಯಲಿಲ್ಲ. ನಾಲ್ಕಕ್ಕೂ —

ಆಗಲೇ ಹೇಳಬಹುದಿತ್ತು. ಬೈಯುತ್ತಿದ್ದರು, ಅಷ್ಟೆ. ನಾನು ಮಾಡಿದ್ದೇನೆಂದರೆ, ಕೊಬ್ಬರಿ ಎಣ್ಣೆಗೆ ಮಸಿ ಕಲಸಿ ಬಿರುಕುಗಳಿಗೆ ತಿಕ್ಕಿದೆ. ಕಪ್ಪಗೆ ಹೊಳೆದವು. ಅಜ್ಜ ಬರೆದಿದ್ದ ಸೀಮೆಸುಣ್ಣದ ಅಕ್ಷರ ಅಳಿಸಿಹೋಗಿದ್ದವು, ಆ ಜಾಗ ಒರೆಸಿ ನೆನಪಿನಿಂದ ಮತ್ತೆ ಬರೆದೆ. ಗೋಣಿ ಸುತ್ತಿ ಕತ್ತಲೆ ಕೋಣೆಯ ಅದೇ ಹಲಗೆಯ ಮೇಲೆ ನಿಲ್ಲಿಸಿದೆ.

ಟೈರು ಬದಲಿಸುವ ದಿನ ಅಜ್ಜನಿಗೆ ಜ್ವರ. ಕೃಷ್ಣಪ್ಪನೇ ಪಂಕ್ಚರ್ ಅಂಗಡಿಗೆ ಒಯ್ದರು. ಸ್ವಲ್ಪ ಹೊತ್ತಿಗೆ ಒಬ್ಬರೇ ತಿರುಗಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ಅತ್ತಿಗೆ, ಟೈರು ಏನಾರ ಬಿಸಿಲಿಗೆ ಇಟ್ಟಿದ್ರಾ? ಅಂಗಡಿಯವ್ನು ಸ್ವಲ್ಪ ಗಟ್ಟಿ ಆಗ್ಯಾವೆ ಅಂತಾನೆ."

ನಾನು ತಿರುಗಿ ನೋಡದೆ ಹೇಳಿದೆ: "ಇಲ್ಲಪ್ಪ. ನಿಮ್ಮಣ್ಣ ಇಟ್ಟಲ್ಲೇ ಇದ್ದವು."

"ಅಷ್ಟೇ ಸಾಕು. ಅತ್ತಿಗೆ ಹೇಳಿದ್ ಮೇಲೆ ಮುಗೀತು. ಅವ್ನಿಗೆ ಹೊಸ ಟೈರು ಮಾರೋ ಹುಕಿ" ಎಂದು ನಗುತ್ತ ಹೋದರು.

ಅತ್ತಿಗೆ ಹೇಳಿದ ಮೇಲೆ ಮುಗೀತು. ನನ್ನ ಕಿವಿಯಲ್ಲಿ ಮಾತ್ರ ಅದು ಇವತ್ತಿಗೂ ಮುಗಿದಿಲ್ಲ.

ಹದಿನೈದು ದಿನವೂ ಆಗಿರಲಿಲ್ಲ. ತೀರ್ಥಹಳ್ಳಿಯ ಕಡೆ ಬಾಡಿಗೆ, ಒಬ್ಬ ಹೆಂಗಸು ಮತ್ತು ಅವಳ ತಂದೆ. ಸುರಿಯುವ ಮಳೆ. ಮೇಳಿಗೆಯ ಹತ್ತಿರದ ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ಹಿಡಿದರೆ ಕಾರು ನಿಲ್ಲಲಿಲ್ಲ, ಜಾರಿ ಮರಕ್ಕೆ ಹೊಡೆಯಿತು. ಆ ಹೆಂಗಸಿನ ಕೈ ಮುರಿಯಿತು. ಕೃಷ್ಣಪ್ಪನ ಎಡಗಾಲಿನ ಮಂಡಿ ಪುಡಿಯಾಯಿತು.

ಆಸ್ಪತ್ರೆಯಿಂದ ಬಂದ ದಿನ ಜಗಲಿಯ ಮೇಲೆ ಕಾಲು ಚಾಚಿ ಮಲಗಿಸಿದ್ದೆವು. ಅಜ್ಜ ಸಿಟ್ಟಿನಲ್ಲಿ ಕೂಗಾಡುತ್ತಿದ್ದರು. "ಒಂದು ಹಲ್ಲೂ ಸವೆದಿಲ್ಲ! ಆ ಟೈರು ನಾನೇ ಆರಿಸಿ ತಂದಿದ್ದು. ಟೈರಿನ ಮೇಲೆ ಹಾಕ್ತೀಯಾ? ನಿನ್ ಕಾಲೇ ಭಾರ, ಹತ್ತಿದ್ ಕೂಡ್ಲೇ ಹಾರಿಸ್ತೀಯ!"

"ಅಣ್ಣಾ, ನಿಧಾನಕ್ಕೇ ಹೋಗ್ತಿದ್ದೆ. ಟೈರು ನೆಲ ಕಚ್ಲೇ ಇಲ್ಲ." ಆಮೇಲೆ ಅವರು ನನ್ನ ಕಡೆ ನೋಡಿದರು. "ಅತ್ತಿಗೆ, ನೀವಾದ್ರೂ ಹೇಳಿ."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ. ಗಂಡಸರ ಮಾತಿನಲ್ಲಿ ನಾನು ಬಾಯಿ ಹಾಕುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನ ನಾಚಿಕೆಯನ್ನು ಎಲ್ಲರೂ ನಂಬಿದರು. ಅದರ ಮರೆಯಲ್ಲಿ ನಾನು ಅಡಗಿದೆ.

ಕೂಸಿಗಾಗಿ ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಟೈರು ಹೊರಗೆ ಹೋದದ್ದು ಬಾಣಂತನದಿಂದ ಎಂದು ತಿಳಿದರೆ ಊರಿನವರು 'ಕೂಸು ಹುಟ್ಟಿದ ಗಳಿಗೆ' ಅನ್ನುತ್ತಿದ್ದರು — ಅದು ನಿಜ. ಆದರೆ ನಾನು ಸುಮ್ಮನಾದದ್ದು ಹೆದರಿಕೆಯಿಂದ. ಸಿಂಚನಾ, ನೀನು ಈ ಭಾರ ಎತ್ತಿಕೊಳ್ಳಬೇಡ ಮಗಳೇ. ಏಣಿ ಹತ್ತಿದವಳು ನಾನು.

ಅಣ್ಣತಮ್ಮಂದಿರು ಬೇರೆಯಾದರು. ಕೃಷ್ಣಪ್ಪ ಹೆಂಡತಿಯ ಊರು ಮೇಳಿಗೆಗೆ ಹೋಗಿ ಚಾ ಅಂಗಡಿ ಹಾಕಿದರು. ಆಮೇಲೆ ಅವರು ಸ್ಟೇರಿಂಗ್ ಮುಟ್ಟಿದ್ದನ್ನು ಯಾರೂ ನೋಡಲಿಲ್ಲ. ಗಾಡಿ ಓಡಿಸಲಿಕ್ಕೇ ಹುಟ್ಟಿದಂತಿದ್ದ ಮನುಷ್ಯ, ನಮ್ಮ ಮನೆಯ ತಮಾಷೆಯಾಗಿ ಹೋದರು. ಆ ಟೈರುಗಳಲ್ಲಿ ಒಂದು ನಮ್ಮ ಹಿತ್ತಿಲಲ್ಲಿ ಬಿದ್ದಿತ್ತು. ಅದರೊಳಗೆ ಮಣ್ಣು ತುಂಬಿ ಅಬ್ಬಲಿಗೆ ಗಿಡ ನೆಟ್ಟಿದ್ದೆ. ನೀರು ಹಾಕುವಾಗ ಒಂದೊಂದು ದಿನ ಉಗುರು ಒತ್ತಿ ನೋಡುತ್ತಿದ್ದೆ — ಯಾಕೆಂದು ಕೇಳಬೇಡಿ. ಆ ಹೂವನ್ನು ನಾನು ಒಮ್ಮೆಯೂ ಮುಡಿಯಲಿಲ್ಲ.

ಅಜ್ಜ ತೀರಿಕೊಂಡ ದಿನ ಚಿಕ್ಕಜ್ಜ ಬಂದಿದ್ದರು, ನಿಮಗೆ ನೆನಪಿರಬಹುದು. ಕೋಲೂರಿಕೊಂಡು ಬಂದು ಅಣ್ಣನ ಪಾದ ಹಿಡಿದು ಬಹಳ ಹೊತ್ತು ಕೂತಿದ್ದರು. ಹೊರಡುವಾಗ "ಅತ್ತಿಗೆ, ಅಣ್ಣ ನನ್ನ ನಂಬ್ಲಿಲ್ಲ" ಅಂದರು. ಅಷ್ಟೇ. ಆಗಲೂ ನಾನು ಬಾಯಿ ಬಿಡಲಿಲ್ಲ. ಒಂದು ಟೈರಿನ ಸುಳ್ಳು ಅಷ್ಟು ದಿನಕ್ಕೆ ಎಷ್ಟು ಬೆಳೆದಿತ್ತೆಂದರೆ, ನಾನು ಅದರ ಎದುರು —

ಬೇಡ. ಕಾರಣ ಹೇಳುವುದು ಸಾಕು.

ಸುಹಾಸಾ, ಬರುವ ಭಾನುವಾರ ನನ್ನನ್ನು ಮೇಳಿಗೆಗೆ ಕರೆದುಕೊಂಡು ಹೋಗು. ಹೊಸ ಟೈರಿಗೆ ಉಗುರು ಒತ್ತಿ ನೋಡಿದ್ದೇನೆ, ಚೆನ್ನಾಗಿವೆ. ಚಾ ಅಂಗಡಿಯ ಮುಂಚಿನ ತಿರುವಿನಲ್ಲಿ ಹಾರ್ನ್ ಮಾತ್ರ ಹಾಕಬೇಡ. ಅದು ಅವರದು. ನಾನು ಅವರ ಎದುರು ನಿಂತು ಹೇಳಬೇಕೆಂದಿದ್ದೇನೆ. ಅವರು ಕ್ಷಮಿಸಲೆಂದು ಅಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಅವರು ನಿಧಾನಕ್ಕೇ ಹೋಗುತ್ತಿದ್ದರು ಎಂದು ಒಬ್ಬರಾದರೂ ಅವರ ಮುಂದೆ ಒಪ್ಪಬೇಕು. ಗಂಟಲು ಕಟ್ಟಿದರೆ, ಸಿಂಚನಾ, ನೀನು ಇದನ್ನು ಗಟ್ಟಿಯಾಗಿ ಓದು. ನಾನು ಸೆರಗು ಎಳೆದುಕೊಂಡು ಎದ್ದು ಹೋಗಲು ನೋಡಿದರೆ ಕೈ ಹಿಡಿದು ಕೂರಿಸು.

ಇನ್ನು ಆ ತಮಾಷೆಯ ಮಾತು ನಮ್ಮ ಮನೆಯಲ್ಲಿ ಬೇಡ.

ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ಗೋಣಿ ಸುತ್ತಿ ಕತ್ತಲೆಯಲ್ಲಿ ಇಡಬೇಡಿ, ಅಟ್ಟದ ಮೇಲೂ ಬೇಡ. ಮನೆಗೆ ಬಂದವರ ಕೈಗೆ ಸಿಗುವ ಕಡೆ ಇಡಿ.