ಮುಟ್ಟುವ ಮುಂಚಿನ ಪಾಠ

ಚಿಕ್ಕಬಾಣಾವರದ ಖಾಸಗಿ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಸುಮಂಗಲಾ ಪಾಠ ಹೇಳುತ್ತಿದ್ದಳು. ಗದಗದ ಕಡೆಯವಳು. ಕೋಪ ಬಂದರೆ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ವಿದ್ಯಾರ್ಥಿಗಳು ಅದಕ್ಕೇ ಹೆಚ್ಚು ಹೆದರುತ್ತಿದ್ದರು.

ಹೊಸದಾಗಿ ಸೇರುವ ಹುಡುಗರಿಗೆ ಮೊದಲು ಏನು ಕಲಿಸಬೇಕೆಂದು ತೀರ್ಮಾನಿಸಲು ಪ್ರಾಂಶುಪಾಲ ಹನುಮಂತಯ್ಯ ಸಭೆ ಕರೆದಿದ್ದರು. ಕಾಲೇಜಿಗೆ ಆಗಷ್ಟೇ ಬಿಸಿ ಕೊಟ್ಟು ನೋವು ಇಳಿಸುವ ಹೊಳೆಯುವ ಯಂತ್ರಗಳು ಬಂದಿದ್ದವು. ಯಂತ್ರದ ಕೋಣೆಯನ್ನು ಮೊದಲ ವರ್ಷಕ್ಕೇ ತೆರೆಯೋಣ, ರೋಗಿಯ ಚರ್ಮಕ್ಕೆ ಬಿಸಿ, ತಂಪು, ನೋವು ತಿಳಿಯುತ್ತದೆಯೇ ಎಂದು ಪರೀಕ್ಷಿಸುವ ಪಾಠ ಮುಂದಿನ ವರ್ಷಕ್ಕೆ ಹೋಗಲಿ ಎಂದರು. ಆ ಪಾಠ ಗೊತ್ತಿಲ್ಲದವರು ಬಿಸಿಯ ಹತ್ತಿರವೂ ಹೋಗಬಾರದು ಎಂದು ಸುಮಂಗಲಾ ವಾದಿಸಿದಳು.

‘ಅದನ್ನ ನೋಡೋಕೆ ಯಾವ ಪೇರೆಂಟ್ಸ್ ಬರ್ತಾರೆ ಮೇಡಂ? ಮೆಷಿನ್ ನೋಡ್ಬಿಟ್ಟೇ ಸೀಟ್ ತಗೊಳ್ಳೋದು’ ಎಂದರು ಹನುಮಂತಯ್ಯ.

ಉಳಿದವರು ತಮ್ಮ ತಮ್ಮ ಚಹಾ ನೋಡಿಕೊಂಡು ಕೂತರು. ಅವಳೊಬ್ಬಳ ವಿರೋಧದ ನಡುವೆಯೇ ತೀರ್ಮಾನವಾಯಿತು.

ಪೀಣ್ಯದಲ್ಲಿ ಕಾರ್ಮಿಕರಿಗಾಗಿ ಕಾಲೇಜು ಒಂದು ಉಚಿತ ಚಿಕಿತ್ಸಾ ಕೊಠಡಿ ನಡೆಸುತ್ತಿತ್ತು; ವಿದ್ಯಾರ್ಥಿಗಳೇ ಸರದಿಯಂತೆ ಅಲ್ಲಿ ಚಿಕಿತ್ಸೆ ಕೊಡುತ್ತಿದ್ದರು. ಕೆಲವು ತಿಂಗಳ ನಂತರ ಅಲ್ಲಿಗೆ ಮಹಾಂತಮ್ಮ ಬಂದಳು. ಯಾದಗಿರಿಯಿಂದ ಬಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಕೆಲಸ ಮಾಡುತ್ತಿದ್ದವಳ ಬಲಗೈ ಯಂತ್ರಕ್ಕೆ ಸಿಕ್ಕಿತ್ತು. ಆಪರೇಷನ್ ಆದ ಮೇಲೆ ಬೆರಳುಗಳು ಬಿಗಿದುಕೊಂಡು, ಅಂಗೈ ಮರಗಟ್ಟಿತ್ತು. ಆ ದಿನ ಅಲ್ಲಿದ್ದವಳು ಮೊದಲ ವರ್ಷದ ಮಂಜುಶ್ರೀ. ಹೇಳಿಕೊಟ್ಟಂತೆಯೇ ಯಂತ್ರದಲ್ಲಿ ಕಾಯಿಸಿದ ಬಿಸಿ ಪ್ಯಾಕನ್ನು ಕೈಗೆ ಸುತ್ತಿ, ಸಮಯ ಮುಗಿದ ಗಂಟೆ ಹೊಡೆಯುವವರೆಗೆ ಕಾದಳು. ಬಿಚ್ಚಿದಾಗ ಅಂಗೈ ತುಂಬ ಬೊಬ್ಬೆ ಎದ್ದಿತ್ತು.

ಒಳಕೋಣೆಯಲ್ಲಿ ಬೇರೆ ರೋಗಿಯನ್ನು ನೋಡುತ್ತಿದ್ದ ಸುಮಂಗಲಾ ಓಡಿಬಂದು ಕೈ ಹಿಡಿದು ನೋಡಿದಳು. ಸುಡುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

‘ಸುಡೂದು ಗೊತ್ತಾಗಲಿಲ್ರೀ ಅಕ್ಕಾರ. ಈ ಕೈಗೆ ಏನೂ ತಿಳಿಯೂದಿಲ್ಲ. ಯಾರೂ ಕೇಳಲಿಲ್ಲ’ ಎಂದಳು ಮಹಾಂತಮ್ಮ. ಮೂಲೆಯಲ್ಲಿ ಅಳುತ್ತಿದ್ದ ಮಂಜುಶ್ರೀಯನ್ನು ಬೈಯಬೇಡಿರೆಂದೂ ಹೇಳಿದಳು. ಗಾಯಕ್ಕೆ ತಣ್ಣೀರು ಹಾಕುತ್ತ ಸುಮಂಗಲಾ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಮತ್ತೆ ಸಭೆ; ಅದೇ ಮೇಜು, ಅದೇ ಜನ. ನಿರ್ಲಕ್ಷ್ಯ ತೋರಿದ ವಿದ್ಯಾರ್ಥಿನಿಯನ್ನು ಅಮಾನತು ಮಾಡುವುದಾಗಿ ಹನುಮಂತಯ್ಯ ಹೇಳಿದರು. ಸುಮಂಗಲಾ ಎದ್ದು ನಿಂತಳು.

‘ಆ ಹುಡುಗಿ ನಾವು ಕಲಿಸಿದ್ದನ್ನ ಒಂಚೂರೂ ತಪ್ಪದೆ ಮಾಡಿದ್ದಾಳೆ ಸಾರ್. ಆ ಕೈ ಸುಟ್ಟಿದ್ದು ಇದೇ ಮೇಜಿನ ಮೇಲೆ.’

ಕೂತು ಮಾತಾಡಿ ಎಂದರು ಹನುಮಂತಯ್ಯ. ಅವಳು ಕೂರಲಿಲ್ಲ. ಮಂಜುಶ್ರೀಯನ್ನು ಹೊರಗೆ ಹಾಕಿದರೆ, ಯಾವ ಪಾಠವನ್ನು ಯಾಕೆ ಮುಂದಕ್ಕೆ ಹಾಕಿದರೆಂಬುದನ್ನು ವಿಶ್ವವಿದ್ಯಾಲಯಕ್ಕೂ ಮಹಾಂತಮ್ಮನ ಮನೆಯವರಿಗೂ ತಾನೇ ಹೋಗಿ ಹೇಳುವುದಾಗಿ ತಿಳಿಸಿದಳು. ಅವಳ ದನಿ ಎಷ್ಟು ತಗ್ಗಿತ್ತೆಂದರೆ ಕೊನೆಯಲ್ಲಿ ಕೂತವರು ಮುಂದಕ್ಕೆ ಬಾಗಿ ಕೇಳಬೇಕಾಯಿತು.

ಅಮಾನತು ಆಗಲಿಲ್ಲ. ಪಾಠ ಮೊದಲ ವರ್ಷಕ್ಕೆ ಮರಳಿತು. ಅದನ್ನು ಕಲಿಯದೆ ಯಾರೂ ಯಂತ್ರದ ಕೋಣೆಗೆ ಕಾಲಿಡಬಾರದು ಎಂದಾಯಿತು. ಮುಂದಿನ ಪ್ರವೇಶದ ಹೊತ್ತಿಗೆ ಹನುಮಂತಯ್ಯ ಅದನ್ನು ತಮ್ಮದೇ ಹೊಸ ಯೋಜನೆಯೆಂದು ಪೋಷಕರಿಗೆ ವಿವರಿಸಿದರು. ಸುಮಂಗಲಾ ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿ ಕೂತಿದ್ದಳು.

ಮಹಾಂತಮ್ಮನ ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ವ್ಯಾಯಾಮ ನಿಂತು ಬೆರಳುಗಳು ಮಡಚಿದಂತೆಯೇ ಉಳಿದವು. ಕಾರ್ಖಾನೆಯವರು ಅವಳನ್ನು ಗುಡಿಸುವ ಕೆಲಸಕ್ಕೆ ಹಾಕಿದರು. ಎಡಗೈಯಲ್ಲಿ ಪೊರಕೆ ಹಿಡಿಯುವುದನ್ನು ಅವಳು ಕಲಿತಳು.

ಮಂಜುಶ್ರೀ ಕಾಲೇಜಿಗೆ ಮರಳಲಿಲ್ಲ. ನಾಗಸಂದ್ರದ ಮೊಬೈಲ್ ಅಂಗಡಿಯೊಂದರಲ್ಲಿದ್ದಾಳೆಂದು ತಿಳಿದು ಸುಮಂಗಲಾ ಅಲ್ಲಿಗೇ ಹೋದಳು. ತಪ್ಪು ನಿನ್ನದಲ್ಲ, ವಾಪಸ್ ಬಾ ಎಂದಳು.

‘ಗೊತ್ತು ಮೇಡಂ. ಆದ್ರೆ ಇನ್ನೊಬ್ರ ಮೈ ಮುಟ್ಟೋಕೆ ನನ್ ಕೈಲಾಗಲ್ಲ’ ಎಂದಳು ಹುಡುಗಿ, ಗಾಜಿನ ಕಪಾಟು ಒರೆಸುತ್ತ.

ಸುಮಂಗಲಾ ಹೊರಬಂದಳು. ಮೆಟ್ರೋ ಹತ್ತದೆ ತುಮಕೂರು ರಸ್ತೆಯ ಲಾರಿಗಳ ಪಕ್ಕದಲ್ಲೇ ಬಹಳ ದೂರ ನಡೆದಳು. ಕೋಪ ಇಳಿಯಲಿಲ್ಲ.